ಚಪ್ಪಲಿಯ ತುಂಡು

ರಾತ್ರಿ ಒಂಬತ್ತೂವರೆಗೆ ಕೊನೆಯ ಟ್ರಿಪ್ ಮುಗಿಸಿ
ಸ್ಟೇಟ್‌ಬ್ಯಾಂಕಿನಲ್ಲಿ ಚಿಲ್ಲರೆ ಎಣಿಸಿ ಕೊಟ್ಟು
ಜಪ್ಪಿನಮೊಗರಿನ ಬಾಡಿಗೆ ಕೋಣೆಗೆ ಬಂದರೆ
ಪರದೆ ಕಪ್ಪು.
ಎಡಗಡೆ ಮೇಲಿನ ಮೂಲೆಯಲ್ಲಿ ಒಂದೇ ಒಂದು ಗೆರೆ
ಮಿನುಗುತ್ತದೆ, ಆರುತ್ತದೆ, ಮಿನುಗುತ್ತದೆ,
ಇಂಡಿಕೇಟರ್ ಹಾಕಿ ತಿರುಗಲು ಮರೆತ ರಿಕ್ಷಾದ ಹಾಗೆ.

ಬೆಳಿಗ್ಗೆ ಹೊರಡುವಾಗ ನಾನೇ ಒತ್ತಿದ ಅಪ್‌ಡೇಟು.
ಕರ್ನಲ್ ಹೊಸತು, ಕಾರ್ಡು ಹಳತು:
ಹಂಪನಕಟ್ಟೆಯಲ್ಲಿ ಮುಚ್ಚಿದ ಸೈಬರಿನಿಂದ ಆರುನೂರಕ್ಕೆ ತಂದದ್ದು,
ಫ್ಯಾನಿಗೆ ಸುತ್ತಿದ ಯಾರದೋ ಕೂದಲಿನ ಸಮೇತ.
ಮಾಡಿದ ಕಂಪೆನಿ ಅದರ ಕೈಬಿಟ್ಟು ವರ್ಷಗಳಾದವು.
'ಡ್ರೈವರ್ ಇಲ್ಲ' ಎನ್ನುತ್ತದೆ ಯಂತ್ರ.
ನಗು ಬರುತ್ತದೆ. ದಿನಕ್ಕೆ ಹದಿನಾಲ್ಕು ಗಂಟೆ
ಡ್ರೈವರಿನ ಬೆನ್ನು ನೋಡುತ್ತ
ಶಿಳ್ಳೆ ಹಾಕುವ ಕಂಡಕ್ಟರ್ ನಾನು.

ನಮ್ಮ ಬಸ್ಸಿಗೆ ಕೊಗ್ಗಣ್ಣ.
ಗೇರಿನ ಗುಂಡಿನ ಮೇಲೆ ಅಂಕೆ ಅಳಿಸಿ ಯಾವ ಕಾಲವಾಯಿತೋ,
ಎರಡನೆಯದು ಎಲ್ಲಿ ಎಂದು ಕೇಳಿದರೆ
ಬಾಯಿಗೆ ಹೇಳಲು ಬಾರದು, ಕೈಗೆ ಗೊತ್ತು.
ಒಮ್ಮೆ ಜ್ಯೋತಿಯ ಏರಿನಲ್ಲಿ ಬಗ್ಗಿ ನೋಡಿದೆ:
ಗೇರಿನ ಬುಡಕ್ಕೆ ತುರುಕಿಟ್ಟ
ಹವಾಯಿ ಚಪ್ಪಲಿಯ ಒಂದು ತುಂಡು, ನೀಲಿ.
'ಇದು ಎಂತಕ್ಕೆ ಕೊಗ್ಗಣ್ಣ?'
'ಎಂತಕ್ಕೆ ಅಂತ ನನಗೂ ಗೊತ್ತಿಲ್ಲ ಸಿರಿಲಾ.
ತೆಗೆದ್ರೆ ಗೇರು ಹಾರ್ತದೆ. ತೆಗೀಬೇಡ.'

ಕಪ್ಪು ಪರದೆಗೆ ಒಂದು ಉಪಾಯ ಉಂಟು.
ಬೂಟಿನ ಸಾಲಿನ ಕೊನೆಗೆ ನೋಮೋಡ್‌ಸೆಟ್ ಎಂದು ಬರೆದರೆ
ಮಂಪರಿನಲ್ಲಾದರೂ ಎದ್ದು ಕೂರುತ್ತದೆ ಯಂತ್ರ,
ಅಕ್ಷರ ದಪ್ಪ, ಬಣ್ಣ ಮಂಕು, ಆಟದ ಮಾತೇ ಇಲ್ಲ.
ಅಲ್ಲಿಂದ ಹಿಡಿದು ಮೂರು ರಾತ್ರಿ ಹುಡುಕಿದೆ.
ಕಿನ್ನಿಗೋಳಿಯಿಂದ ಅಮ್ಮ ಫೋನಿನಲ್ಲಿ 'ಎಂತ ಮಾಡ್ತಿ?' ಅಂದಾಗ
'ವೈನ್ ಸರಿ ಆಗ್ತಾ ಇಲ್ಲ' ಅಂದುಬಿಟ್ಟೆ.
ಆಚೆ ಕಡೆ ಅರ್ಧ ನಿಮಿಷ ಮೌನ.
'ತೇರ್ಸ್ ತಪ್ಪಿಸಬೇಡ ಪುತಾ.'

ಕಂಪೆನಿ ಗುಟ್ಟು ಬಿಟ್ಟುಕೊಡದ ಕಾರ್ಡನ್ನು
ಹೊರಗಿನ ಯಾರೋ ತಟ್ಟಿ, ಕಿವಿಗೊಟ್ಟು,
ಇಷ್ಟು ಕೊಟ್ಟರೆ ಅಷ್ಟು ಬರುತ್ತದೆ ಎಂದು ಗೀಚಿಕೊಂಡು
ಹೊಲಿದ ಡ್ರೈವರು ಅದು. ತೆರೆದೇ ಇಟ್ಟಿದ್ದಾರೆ. ಓದಿದೆ.
ಅರ್ಧ ಅರ್ಥವಾಗಲಿಲ್ಲ; ಅರ್ಧ ಎಂದರೆ ಮುಕ್ಕಾಲು.
ಹಳೆಯ ಪ್ರತಿಯಲ್ಲಿ ಒಂದು ಕಡೆ
ಕಾರ್ಡಿಗೆ ಸುಮ್ಮನೆ ಒಂದು ಸಂಖ್ಯೆ ಕಳಿಸಿ
ಕ್ಷಣ ಹೊತ್ತು ಕಾಯುವ ಸಾಲು. ಬದಿಯಲ್ಲಿ ಟಿಪ್ಪಣಿ:
ಇದು ಯಾಕೆ ಬೇಕೆಂದು ಗೊತ್ತಿಲ್ಲ.
ತೆಗೆದರೆ ಪರದೆ ಕಪ್ಪಾಗುತ್ತದೆ. ತೆಗೆಯಬೇಡಿ.

ಹೊಸದರಲ್ಲಿ ಯಾರೋ ಅಚ್ಚುಕಟ್ಟಿನವರು
ತೆಗೆದಿದ್ದರು.

ವಾಪಸು ಸೇರಿಸಿದೆ. ಯಂತ್ರ ಅದನ್ನು ಅರೆದು ಮುಗಿಸಲು ನಲವತ್ತು ನಿಮಿಷ.
ಅಷ್ಟರಲ್ಲಿ ಗಂಜಿ, ಸುಟ್ಟ ಒಣಮೀನು, ಒಂದು ಹಸಿಮೆಣಸು.
ಆಮೇಲೆ ಬಣ್ಣ ಬಂತು.

ನಾನು ಆಡುವುದು ಒಂದೇ ಆಟ:
ಹಿಮ ಬೀಳುವ ಯಾವುದೋ ದೇಶದಲ್ಲಿ ಉದ್ದ ಲಾರಿ ಬಿಡುವುದು.
ಸೆಕೆಂಡಿಗೆ ಹದಿನೇಳು ಫ್ರೇಮು,
ನೆರಳುಗಳನ್ನು ಆರಿಸಿದರೆ ಇಪ್ಪತ್ತೆರಡು.
ಮರಗಳು ತಡವಾಗಿ ಬರುತ್ತವೆ,
ಸೇತುವೆ ಕೆಲವೊಮ್ಮೆ ಬರುವುದೇ ಇಲ್ಲ,
ಗಾಳಿಯ ಮೇಲೆ ದಾಟುತ್ತೇನೆ. ಪರವಾಗಿಲ್ಲ.
ಎಂಟು ವರ್ಷ ಹಿಂಬಾಗಿಲಲ್ಲಿ ನೇತಾಡಿದವನಿಗೆ ಸ್ಟಿಯರಿಂಗ್ ಸಿಕ್ಕಿದೆ,
ಶಿಳ್ಳೆ ಹಾಕುವವರು ಮಾತ್ರ ಇಲ್ಲ.
ನಾನೇ ಮೇಜಿಗೆ ಎರಡು ಬಡಿದು
'ರೈಟ್ ಪೋಯಿ' ಅಂದೆ.
ಗೋಡೆಯಾಚೆಯ ಬಾಡಿಗೆಯವರು ಕೆಮ್ಮಿದರು.

ಬೆಳಿಗ್ಗೆ ಆರೂ ಹತ್ತರ ಟ್ರಿಪ್. ಬಸ್ಸು ತೊಳೆದ ಹೊಸ ಹುಡುಗ
ಗೇರಿನ ಬುಡದ ಕಸವನ್ನೆಲ್ಲ ಗುಡಿಸಿ ಬಿಸಾಡಿದ್ದ.
ಕೊಗ್ಗಣ್ಣ ಬಗ್ಗಿ ನೋಡಿದರು, ಏನೂ ಹೇಳಲಿಲ್ಲ.
ನಾನು ಎಡಗಾಲಿನ ಚಪ್ಪಲಿ ಕಳಚಿ
ಹಿಮ್ಮಡಿಯ ಕಡೆಯಿಂದ ಬ್ಲೇಡಿನಲ್ಲಿ ಒಂದು ತುಂಡು ಕೊಯ್ದೆ.

ಕಂಕನಾಡಿಯವರೆಗೆ ಗೇರು ಹಾರಲಿಲ್ಲ.
ಪಂಪ್‌ವೆಲ್ಲಿನಲ್ಲಿ ಹಾರಿತು.
'ಬಣ್ಣ ಬೇರೆ ಅಲ್ವಾ' ಅಂದರು ಕೊಗ್ಗಣ್ಣ.